200 ವರ್ಷ ಕಣ್ಣಿಗೆ ಬೀಳದ ಕಣಜ: ಬಾಳೆಹಣ್ಣಿನ ನೊಣದ ಹೊಟ್ಟೆಯೊಳಗೆ ಸಿಕ್ಕಿದ್ದೇನು?

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿ ನೇತಾಡ್ತಾ ಇದ್ದೀರೋ, ಊಟ ಮಾಡ್ತಾ ಕೇಳ್ತಾ ಇದ್ದೀರೋ ನನಗೆ ಗೊತ್ತಿಲ್ಲ. ಊಟ ಮಾಡ್ತಾ ಇದ್ರೆ ಮಾತ್ರ ಇಲ್ಲೇ ನಿಲ್ಲಿಸಿ, ಕೈ ತೊಳ್ಕೊಂಡು ಬನ್ನಿ. ಯಾಕಂದ್ರೆ ಇವತ್ತಿನ ವಿಷಯ ಒಂದು ಜೀವಂತ ನೊಣ, ಅದರ ಹೊಟ್ಟೆಯೊಳಗೆ ಬೆಳೆಯುವ ಒಂದು ಮರಿಹುಳ, ಮತ್ತು ಆ ಮರಿಹುಳ ಹೊರಗೆ ಬರುವ ರೀತಿ.

ಬಂದ್ರಾ? ಸರಿ, ಶುರು ಮಾಡೋಣ.

ಮೊದಲು ನೊಣದ ಪರಿಚಯ. ಅಡುಗೆಮನೆಯಲ್ಲಿ ಬಾಳೆಹಣ್ಣು ಕಪ್ಪಾಗ್ತಾ ಬಂದ ಹಾಗೆ ಎಲ್ಲಿಂದಲೋ ಪುಟಾಣಿ ನೊಣಗಳು ಬಂದು ಮುತ್ತಿಕೊಳ್ತವಲ್ಲ, ಕೆಂಪು ಕಣ್ಣು, ಮೂರು ಮಿಲಿಮೀಟರ್ ಉದ್ದ ಇದ್ರೆ ಹೆಚ್ಚು, ಅದೇ. ಹೆಸರು ಡ್ರಾಸೊಫಿಲಾ. ಮಾವಿನ ತೋಟ ಇರುವವರು ಬೈಯುವ ಹಣ್ಣುನೊಣ ಬೇರೆ, ಇದು ಬೇರೆ, ಎರಡನ್ನೂ ಬೆರೆಸಬೇಡಿ. ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ನೆನಪಿರಬಹುದು: ಮಾರ್ಗನ್, ಬಿಳಿ ಕಣ್ಣಿನ ನೊಣ, ಲಿಂಕೇಜ್. ಆ ಮಾರ್ಗನ್‌ಗೆ 1933ರಲ್ಲಿ ನೊಬೆಲ್ ಬಂತು. 1995ರಲ್ಲಿ ಭ್ರೂಣ ಹೇಗೆ ರೂಪ ಪಡೆಯುತ್ತೆ ಅನ್ನೋದಕ್ಕೆ, 2017ರಲ್ಲಿ ನಮ್ಮ ದೇಹದೊಳಗಿನ ಗಡಿಯಾರ ಹೇಗೆ ನಡೆಯುತ್ತೆ ಅನ್ನೋದಕ್ಕೆ, ಮತ್ತೆ ಇದೇ ನೊಣದ ಮೇಲಿನ ಕೆಲಸಕ್ಕೆ ನೊಬೆಲ್ ಬಂತು. 2000ನೇ ಇಸವಿಯಲ್ಲೇ ಇದರ ಜೀನೋಮ್ ಓದಿ ಮುಗಿಸಿದ್ದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ನೊಣದ ತಳಿಗಳನ್ನು ಕಾಪಾಡೋದಕ್ಕೆ ಅಂತಲೇ ಒಂದು ಸ್ಟಾಕ್ ಸೆಂಟರ್ ಇದೆ.

ಅಂದ್ರೆ ಭೂಮಿ ಮೇಲೆ ಇಷ್ಟು ಜನ, ಇಷ್ಟು ವರ್ಷ, ಇಷ್ಟು ಹತ್ತಿರದಿಂದ ನೋಡಿದ ಪ್ರಾಣಿ ಇನ್ನೊಂದು ಸಿಗೋದು ಕಷ್ಟ.

ಇಂಥ ನೊಣದ ಹೊಟ್ಟೆಯೊಳಗೆ ಯಾರಿಗೂ ಗೊತ್ತಿಲ್ಲದ ಒಂದು ಶತ್ರು ಇತ್ತು. ಅದು ವಿಜ್ಞಾನದ ಪುಸ್ತಕಕ್ಕೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ, ನೇಚರ್ ಪತ್ರಿಕೆಯ ಮೂಲಕ. ಹೆಸರು ಸಿಂಟ್ರೀಟಸ್ ಪರ್ಲ್‌ಮನಿ. ಅದೊಂದು ಕಣಜ.

ಕಣಜ ಅಂದ ಕೂಡಲೇ ಮನೆ ಸೂರಿಗೆ ಗೂಡು ಕಟ್ಟಿ, ಕೆಣಕಿದರೆ ಅಟ್ಟಿಸಿಕೊಂಡು ಬಂದು ಕುಟುಕೋದು ನೆನಪಾಗುತ್ತೆ. ಆದರೆ ಕಣಜಗಳ ಜಗತ್ತಿನಲ್ಲಿ ಅಂಥವು ಸ್ವಲ್ಪ. ಬಹುಪಾಲು ಕಣಜಗಳು ನಮಗೆ ಕಾಣೋದೇ ಇಲ್ಲ, ಕೆಲವು ಒಂದು ಮಿಲಿಮೀಟರ್ ಕೂಡ ಇರೋದಿಲ್ಲ. ಅವುಗಳ ಕಸುಬೇ ಬೇರೆ: ಇನ್ನೊಂದು ಕೀಟದ ಮೇಲೋ ಒಳಗೋ ಮೊಟ್ಟೆ ಇಡೋದು. ಮೊಟ್ಟೆಯಿಂದ ಬಂದ ಮರಿ ಆ ಕೀಟವನ್ನು ನಿಧಾನವಾಗಿ ತಿಂದು ಬೆಳೆಯುತ್ತೆ. ಇಂಥವನ್ನು ಪ್ಯಾರಾಸಿಟಾಯ್ಡ್ ಅಂತಾರೆ.

ಪ್ಯಾರಾಸೈಟ್, ಅಂದ್ರೆ ಪರಾವಲಂಬಿ, ಮತ್ತು ಪ್ಯಾರಾಸಿಟಾಯ್ಡ್ – ಇವೆರಡೂ ಒಂದೇ ಅಲ್ಲ. ಹೇನು ನಿಮ್ಮ ತಲೆಯಲ್ಲಿ ಇರುತ್ತೆ, ರಕ್ತ ಹೀರುತ್ತೆ, ಆದರೆ ನೀವು ಸತ್ತರೆ ಅದಕ್ಕೂ ನಷ್ಟ. ಪ್ಯಾರಾಸಿಟಾಯ್ಡ್‌ಗೆ ಆ ದಾಕ್ಷಿಣ್ಯ ಇಲ್ಲ. ಅದು ಬೆಳೆದು ಮುಗಿಯೋ ತನಕ ಆತಿಥೇಯ ಬದುಕಿದ್ದರೆ ಸಾಕು, ಆಮೇಲೆ ಸಾಯಲೇಬೇಕು. ರೇಷ್ಮೆ ಸಾಕುವ ಮನೆಯವರು ಇದನ್ನು ಕೇಳ್ತಾ ಇದ್ರೆ ಇಷ್ಟೊಂದು ವಿವರಣೆಯೇ ಬೇಡ, ‘ಊಜಿ’ ಅಂದ್ರೆ ಸಾಕು. ಊಜಿ ನೊಣ ರೇಷ್ಮೆಹುಳದ ಮೈಮೇಲೆ ಮೊಟ್ಟೆ ಇಡುತ್ತೆ, ಮರಿ ಒಳಗೆ ಇಳಿಯುತ್ತೆ, ಹುಳ ಹೋಗುತ್ತೆ ಇಲ್ಲಾ ಗೂಡು ತೂತಾಗುತ್ತೆ. ಅದು ನೊಣವಾದರೂ ಬದುಕುವ ರೀತಿ ಇದೇ. ಮಜಾ ಏನಂದ್ರೆ ಆ ಊಜಿಯ ಕೋಶದೊಳಗೆ ಮೊಟ್ಟೆ ಇಡುವ ಇನ್ನೊಂದು ಕಣಜವೂ ಇದೆ, ರೇಷ್ಮೆ ಇಲಾಖೆಯ ಕಡೆಯಿಂದ ರೈತರಿಗೆ ಅದು ಸಿಗುತ್ತೆ. ಕಳ್ಳನ ಮನೆಗೆ ಕಳ್ಳ.

ಇನ್ನೊಂದು ಮಾತು, ಸ್ವಲ್ಪ ದಾರಿ ತಪ್ಪಿ. ‘ಕೀಟ ಭ್ರಮರ ನ್ಯಾಯ’ ಅಂತ ಕೇಳಿದ್ದೀರಾ? ಗೋಡೆ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಒಂದು ಹಸಿರು ಹುಳುವನ್ನು ಹೊತ್ತು ತಂದು ಒಳಗಿಟ್ಟು ಬಾಗಿಲು ಮುಚ್ಚುತ್ತೆ. ಕೆಲವು ವಾರದ ನಂತರ ಗೂಡು ಒಡೆದು ಹೊರಬರೋದು ಹುಳುವಲ್ಲ, ಕಣಜ. ನಮ್ಮ ಹಿರಿಯರು ಇದನ್ನು ನೋಡಿ, ಕಣಜದ ಝೇಂಕಾರವನ್ನೇ ಧ್ಯಾನಿಸಿ ಹುಳ ಕಣಜವೇ ಆಗಿಬಿಟ್ಟಿತು ಅಂದರು. ಗುರು-ಶಿಷ್ಯರಿಗೆ, ಭಕ್ತ-ದೇವರಿಗೆ ಅದನ್ನು ಹೋಲಿಸಿದರು. ಹೋಲಿಕೆ ಚೆನ್ನಾಗೇ ಇದೆ. ಗೂಡಿನೊಳಗೆ ನಡೆದಿದ್ದು ಮಾತ್ರ ಧ್ಯಾನವಲ್ಲ. ಕಣಜ ಅಲ್ಲೇ ಒಂದು ಮೊಟ್ಟೆಯನ್ನೂ ಇಟ್ಟಿತ್ತು. ಹುಳ ಊಟವಾಯ್ತು.

ಈಗ ಡ್ರಾಸೊಫಿಲಾಗೆ ವಾಪಸ್ ಬರೋಣ. ಈ ನೊಣಕ್ಕೂ ಪ್ಯಾರಾಸಿಟಾಯ್ಡ್ ಕಣಜಗಳು ಇವೆ ಅನ್ನೋದು ಹಳೇ ಸುದ್ದಿ. ಮೊದಲ ದಾಖಲೆ ಸಿಕ್ಕು ಎರಡು ಶತಮಾನಕ್ಕೂ ಹೆಚ್ಚಾಯ್ತು. ಈ ನೊಣದ ಕುಟುಂಬದ ಮೇಲೆ ಬೀಳುವ ಕಣಜಗಳ ಪಟ್ಟಿಯಲ್ಲಿ ಸುಮಾರು 200 ಪ್ರಭೇದಗಳಿವೆ. ಆದರೆ ಅವೆಲ್ಲಾ ಹಿಡಿಯೋದು ನೊಣದ ಮರಿಯನ್ನು, ಇಲ್ಲಾ ಕೋಶವನ್ನು. ಕೊಳೆತ ಹಣ್ಣಿನಲ್ಲಿ ತೆವಳುವ ಮರಿ ಓಡಿಹೋಗೋಕೆ ಆಗಲ್ಲ, ಕೋಶ ಅಲ್ಲಾಡೋದೇ ಇಲ್ಲ. ಸುಲಭದ ಬೇಟೆ.

ಸುಲಭ ಅಂದೆ, ಪೂರ್ತಿ ಸುಲಭ ಏನಲ್ಲ. ನೊಣದ ಮರಿಯ ರಕ್ತದಲ್ಲಿ ಒಂಥರಾ ಜೀವಕೋಶಗಳಿವೆ, ಅವು ಕಣಜದ ಮೊಟ್ಟೆಯನ್ನು ಸುತ್ತುವರಿದು, ಕಪ್ಪು ಕವಚ ಕಟ್ಟಿ, ಉಸಿರುಗಟ್ಟಿಸಿ ಸಾಯಿಸ್ತವೆ. ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. 2012ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು: ಕಣಜದ ಮರಿ ಒಳಗೆ ಸೇರಿಕೊಂಡಿರೋ ನೊಣದ ಮರಿ, ಆಲ್ಕೋಹಾಲ್ ಹೆಚ್ಚಿರುವ ಆಹಾರವನ್ನೇ ಹುಡುಕಿಕೊಂಡು ಹೋಗಿ ತಿನ್ನುತ್ತೆ. ಕೊಳೆತ ಹಣ್ಣಿನಲ್ಲಿ ಬದುಕೋ ನೊಣಕ್ಕೆ ಸ್ವಲ್ಪ ಆಲ್ಕೋಹಾಲ್ ಅಭ್ಯಾಸ. ಒಳಗಿರೋ ಕಣಜಕ್ಕೆ ಅದು ವಿಷ. ಕುಡಿದು ರೋಗ ವಾಸಿ ಮಾಡಿಕೊಳ್ಳೋದು ಅಂದ್ರೆ ಇದೇ. (ನಿಮಗೆ ಅನ್ವಯಿಸಲ್ಲ, ನೀವು ನೊಣ ಅಲ್ಲ.)

ಇಷ್ಟೆಲ್ಲಾ ಗೊತ್ತಿತ್ತು. ಆದರೆ ರೆಕ್ಕೆ ಬಂದು, ಹಾರಾಡುವ, ಪೂರ್ತಿ ಬೆಳೆದ ನೊಣದೊಳಗೆ ಮೊಟ್ಟೆ ಇಟ್ಟು ಅಲ್ಲೇ ಬೆಳೆಯುವ ಕಣಜ? ಡ್ರಾಸೊಫಿಲಾ ಮಾತ್ರ ಅಲ್ಲ, ಯಾವ ಜಾತಿಯ ನೊಣದಲ್ಲೂ ಅಂಥ ಕಣಜವನ್ನು ಯಾರೂ ವಿವರಿಸಿರಲಿಲ್ಲ.

ಇದನ್ನು ಕಂಡುಹಿಡಿದವರು ಅಮೆರಿಕದ ಮಿಸಿಸಿಪಿ ಸ್ಟೇಟ್ ಯೂನಿವರ್ಸಿಟಿಯ ಲೋಗನ್ ಮೂರ್, ಮ್ಯಾಥ್ಯೂ ಬ್ಯಾಲಿಂಜರ್ ಮತ್ತು ಅವರ ತಂಡ. ಅವರು ಕಣಜ ಹುಡುಕ್ತಾ ಇರಲೇ ಇಲ್ಲ. ಹೊರಗಿನಿಂದ ಹಿಡಿದು ತಂದ ನೊಣಗಳ ಹೊಟ್ಟೆಯಲ್ಲಿ ನೆಮಟೋಡ್ ಅನ್ನೋ ದಾರದಂಥ ಹುಳ ಇದೆಯಾ ಅಂತ ನೋಡ್ತಾ ಇದ್ದರು. ಡ್ರಾಸೊಫಿಲಾ ಅಫಿನಿಸ್ ಅನ್ನೋ ಪ್ರಭೇದದ ಒಂದು ಗಂಡು ನೊಣದ ಹೊಟ್ಟೆಯಲ್ಲಿ ಸಿಕ್ಕಿದ್ದು ನೆಮಟೋಡ್ ಅಲ್ಲ, ಕಣಜದ ಮರಿ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ‘ಹೊಸ ಪ್ರಭೇದ ಪತ್ತೆ’ ಅಂತ ನೀವು ಸುದ್ದಿಯಲ್ಲಿ ಓದ್ತೀರಲ್ಲ, ಅಲ್ಲಿ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಒಂದು, ಕಣ್ಣಿಗೆ ಬೀಳೋದು. ಇನ್ನೊಂದು, ಅದನ್ನು ವಿವರಿಸಿ ಹೆಸರಿಡೋದು. ಮೊದಲನೆಯದು ಅದೃಷ್ಟದಿಂದ ಒಂದು ಮಧ್ಯಾಹ್ನದಲ್ಲಿ ಆಗಬಹುದು. ಎರಡನೆಯದು ಹಾಗಲ್ಲ. 2012ರ ಒಂದು ಅಧ್ಯಯನದ ಪ್ರಕಾರ ಒಂದು ಜೀವಿಯ ಮಾದರಿ ಮೊದಲ ಸಲ ಸಂಗ್ರಹವಾದ ದಿನದಿಂದ ಅದಕ್ಕೆ ಹೆಸರು ಬರೋ ತನಕ ಸರಾಸರಿ 21 ವರ್ಷ ಹಿಡಿಯುತ್ತೆ. ಅಲ್ಲಿಯವರೆಗೆ ಅದು ಯಾವುದೋ ಮ್ಯೂಸಿಯಂನ ಡ್ರಾಯರ್‌ನಲ್ಲಿ ಪಿನ್ನಿಗೆ ಚುಚ್ಚಿಸಿಕೊಂಡು ಕಾಯ್ತಾ ಇರುತ್ತೆ.

ಯಾಕೆ ಇಷ್ಟು ಹೊತ್ತು? ಮೂರ್ ಅವರ ಕೈಯಲ್ಲಿದ್ದಿದ್ದು ಮರಿ. ಕಣಜದ ಮರಿಗಳೆಲ್ಲಾ ಹೆಚ್ಚುಕಡಿಮೆ ಒಂದೇ ಥರ, ಕಾಲಿಲ್ಲದ ಬಿಳಿ ಅಕ್ಕಿಕಾಳಿನ ಹಾಗೆ. ಡಿಎನ್‌ಎ ಓದಿದರೆ ಯಾವ ಕುಟುಂಬದವನು ಅಂತ ಗೊತ್ತಾಗುತ್ತೆ, ಇಂಥವನೇ ಅಂತ ಹೇಳೋಕೆ ಬೆಳೆದ ಕಣಜವೇ ಬೇಕು. ಹಾಗಾಗಿ ಅವರು ಹೊರಗೆ ಹಣ್ಣಿನ ಆಮಿಷ ಇಟ್ಟು ನೊಣ ಹಿಡಿದು, ಸಾಕಿ, ಸೋಂಕು ತಗುಲಿದವುಗಳಿಂದ ಮರಿ ಹೊರಬಂದು, ಕೋಶವಾಗಿ, ಕಣಜವಾಗೋ ತನಕ ಕಾಯಬೇಕಾಯ್ತು. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಅಂಗ. ರೆಕ್ಕೆಯ ನರಗಳು ಎಲ್ಲಿ ಕೂಡ್ತವೆ, ಮೀಸೆಯಲ್ಲಿ ಎಷ್ಟು ಗೆಣ್ಣು, ಮೈಮೇಲೆ ಎಲ್ಲಿ ನುಣುಪು, ಎಲ್ಲಿ ಒರಟು, ಮೊಟ್ಟೆ ಇಡುವ ಸೂಜಿ ಎಷ್ಟುದ್ದ. ಇದೇ ಗುಂಪಿನಲ್ಲಿ ಈಗಾಗಲೇ ಹೆಸರು ಪಡೆದವುಗಳ ಜೊತೆ ಇಟ್ಟು ನೋಡಿ, ಇದು ಅವ್ಯಾವುದೂ ಅಲ್ಲ ಅಂತ ತೋರಿಸಬೇಕು. ಒಂದು ಮಾದರಿಯನ್ನು ‘ಹೋಲೋಟೈಪ್’ ಅಂತ ಆರಿಸಿ ಸಂಗ್ರಹಾಲಯದಲ್ಲಿ ಇಡಬೇಕು. ಮುಂದೆ ಯಾರಿಗಾದರೂ ಅನುಮಾನ ಬಂದರೆ ಆ ಒಂದು ಕಣಜವೇ ಸಾಕ್ಷಿ. ನಮ್ಮಲ್ಲಿ ಜಮೀನಿನ ಮೂಲ ದಾಖಲೆ ಇದ್ದ ಹಾಗೆ ಅಂದುಕೊಳ್ಳಿ.

ಈ ಕೆಲಸಕ್ಕೆ ಆ ತಂಡದಲ್ಲಿ ಇದ್ದವರು ವಯೋಮಿಂಗ್ ಯೂನಿವರ್ಸಿಟಿಯ ಸ್ಕಾಟ್ ಶಾ, ಕಣಜಗಳ ವರ್ಗೀಕರಣದಲ್ಲಿ ಪಳಗಿದ ಕೈ. ಇವರ ಇನ್ನೊಂದು ಕೆಲಸ ಹೇಳಿದರೆ ನಿಮಗೆ ಖುಷಿಯಾಗುತ್ತೆ. 2014ರಲ್ಲಿ ಇವರು ಮತ್ತು ಎಡ್ವಾರ್ಡೊ ಶಿಂಬೊರಿ ಸೇರಿ ಈಕ್ವೆಡಾರ್‌ನ ಒಂದು ಕಣಜಕ್ಕೆ ಗಾಯಕಿ ಶಕೀರಾ ಹೆಸರಿಟ್ಟರು, ಅಲೈಯೊಡಿಸ್ ಶಕೀರೇ ಅಂತ. ಆ ಕಣಜ ಒಳಗೆ ಸೇರಿದ ಕಂಬಳಿಹುಳದ ಮೈ ಬಾಗಿ ತಿರುಚಿಕೊಳ್ಳುತ್ತೆ, ಶಕೀರಾ ಬೆಲ್ಲಿ ಡ್ಯಾನ್ಸ್ ಥರ. 2019ರಲ್ಲಿ ಮೆಕ್ಸಿಕೋದ ಇನ್ನೊಂದು ಕಣಜಕ್ಕೆ ಇಡ್ರಿಸ್ ಎಲ್ಬಾ ಅಂತಲೇ ಹೆಸರು ಬಂತು; ‘ಇಡ್ರಿಸ್’ ಅನ್ನೋದು ಆ ಕುಲದ ಹಳೇ ಹೆಸರು, ಪಕ್ಕಕ್ಕೆ ‘ಎಲ್ಬಾ’ ಸೇರಿಸೋ ಆಸೆಯನ್ನು ಯಾರು ತಡೆದುಕೊಳ್ತಾರೆ? ನಮ್ಮ ಸಿಂಟ್ರೀಟಸ್ ಪರ್ಲ್‌ಮನಿಯ ಹೆಸರು ಅಷ್ಟು ಗ್ಲಾಮರಸ್ ಅಲ್ಲ. ನೊಣಗಳ ಪರಾವಲಂಬಿಗಳ ಮೇಲೆ ಕೆಲಸ ಮಾಡಿದ ಜೀವವಿಜ್ಞಾನಿ ಸ್ಟೀವ್ ಪರ್ಲ್‌ಮನ್ ಅವರ ಗೌರವಕ್ಕೆ ಇಟ್ಟಿದ್ದು.

ಈಗ ಮೊದಲೇ ಎಚ್ಚರಿಸಿದ ಭಾಗ. ಹೆಣ್ಣು ಕಣಜ ಬೆಳೆದ ನೊಣದ ಮೇಲೆ ಎರಗಿ, ಹೊಟ್ಟೆಗೆ ಚುಚ್ಚಿ ಮೊಟ್ಟೆ ಇಟ್ಟು ಹೋಗುತ್ತೆ. ನೊಣ ಏನೂ ಆಗದ ಹಾಗೆ ಹಾರ್ತಾ, ತಿಂತಾ ಇರುತ್ತೆ. ಒಳಗೆ ಮರಿ ಬೆಳೀತಾ ಇರುತ್ತೆ, ಕೊನೆಕೊನೆಗೆ ಹೊಟ್ಟೆ ತುಂಬಾ ಅದೇ. ಒಂದು ದಿನ ಆ ಮರಿ ನೊಣದ ಹೊಟ್ಟೆಯನ್ನು ಸೀಳಿಕೊಂಡು ಹೊರಗೆ ಬರುತ್ತೆ. ಆ ಹೊತ್ತಿನಲ್ಲೂ ನೊಣ ಜೀವಂತ. ಮರಿ ಹೋದ ಮೇಲೂ ಕೆಲವು ಗಂಟೆ ಬದುಕಿದ್ದು ಆಮೇಲೆ ಸಾಯುತ್ತೆ. ‘ಏಲಿಯನ್’ ಸಿನಿಮಾ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಈ ಕಣಜ ಅಫಿನಿಸ್ ನೊಣಕ್ಕೆ ಮಾತ್ರ ಅಂಟಿಕೊಂಡಿಲ್ಲ. ಲ್ಯಾಬ್‌ಗಳ ಮಹಾರಾಜ ಡ್ರಾಸೊಫಿಲಾ ಮೆಲನೊಗ್ಯಾಸ್ಟರ್ ಒಳಗೂ ಬೆಳೆಯುತ್ತೆ. ವಿಜ್ಞಾನಿಗಳ ಕಿವಿ ನೆಟ್ಟಗಾಗಿದ್ದು ಇಲ್ಲೇ. ನೊಣದ ಮರಿ ಕಣಜದ ಮೊಟ್ಟೆಯ ಜೊತೆ ಹೇಗೆ ಹೋರಾಡುತ್ತೆ ಅನ್ನೋದರ ಮೇಲೆ ದಶಕಗಳ ಕೆಲಸ ಇದೆ. ಬೆಳೆದ ನೊಣ ಹೇಗೆ ಹೋರಾಡುತ್ತೆ? ಅದನ್ನು ಕೇಳೋಕೆ ಇಲ್ಲಿಯವರೆಗೆ ಶತ್ರುವೇ ಇರಲಿಲ್ಲ, ಅಂದ್ರೆ ಇದ್ದಿದ್ದು ಗೊತ್ತಿರಲಿಲ್ಲ. ಮತ್ತೆ ಇದು ಯಾವುದೋ ದಟ್ಟ ಕಾಡಿನ ಒಳಗಿನ ಪ್ರಾಣಿಯೂ ಅಲ್ಲ. ಅಮೆರಿಕದ ಪೂರ್ವ ಭಾಗದ ಉದ್ದಕ್ಕೂ ಇದೆ, ಮನೆ ಹಿತ್ತಿಲಲ್ಲಿ ಆಮಿಷ ಇಟ್ಟರೆ ಸಿಗುತ್ತೆ ಅಂತ ಅದೇ ತಂಡ ಬರೆದಿದೆ. ಹಿತ್ತಿಲಲ್ಲಿ!

‘ಆಯ್ತು, ಒಂದು ಸಣ್ಣ ಕಣಜಕ್ಕೆ ಹೆಸರಿಟ್ಟರು. ಅದರಿಂದ ಯಾರಿಗೆ ಏನು ಸಿಕ್ತು?’ ನ್ಯಾಯವಾದ ಪ್ರಶ್ನೆ. ತೆರಿಗೆ ದುಡ್ಡಿನಲ್ಲಿ ನಡೆಯುವ ಕೆಲಸಕ್ಕೆ ಕೇಳಲೇಬೇಕು. ಇದಕ್ಕೆ ನನ್ನ ಉತ್ತರ ಇನ್ನೊಂದು ಕಣಜದ ಕತೆ, ಅದು ಕೊನೆಗೆ ಬೆಂಗಳೂರಿಗೆ ಬರುತ್ತೆ.

1964ರಲ್ಲಿ ಅರ್ಜೆಂಟೀನಾದ ಕೀಟತಜ್ಞ ಲೂಯಿಸ್ ಡಿ ಸಾಂಟಿಸ್ ಒಂದು ಪುಟ್ಟ ಕಣಜವನ್ನು ವಿವರಿಸಿ ‘ಲೋಪೆಜಿ’ ಅಂತ ಹೆಸರಿಟ್ಟರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇತ್ತ 1970ರ ದಶಕದ ಆರಂಭದಲ್ಲಿ ಆಫ್ರಿಕಾದ ಕಾಂಗೊ ಭಾಗದಲ್ಲಿ ಮರಗೆಣಸಿನ ಗಿಡಗಳ ಕುಡಿ ಮುರುಟಿಕೊಳ್ಳೋಕೆ ಶುರುವಾಯ್ತು. ಒಂದು ಹಿಟ್ಟು ತಿಗಣೆ, ಹೊರಗಿನಿಂದ ಬಂದದ್ದು. ಆಫ್ರಿಕಾದಲ್ಲಿ ಸುಮಾರು 20 ಕೋಟಿ ಜನಕ್ಕೆ ಮರಗೆಣಸೇ ಹೊಟ್ಟೆಪಾಡು, ನಮಗೆ ರಾಗಿ-ಅಕ್ಕಿ ಇದ್ದ ಹಾಗೆ. ತಿಗಣೆ ದೇಶದಿಂದ ದೇಶಕ್ಕೆ ಹರಡಿತು. 1977ರಲ್ಲಿ ಅದಕ್ಕೆ ಫೀನಕಾಕಸ್ ಮನಿಹೋಟಿ ಅಂತ ಹೆಸರಾಯ್ತು.

ಮರಗೆಣಸು ಮೂಲತಃ ದಕ್ಷಿಣ ಅಮೆರಿಕದ್ದು, ಹಾಗಾದರೆ ತಿಗಣೆಯೂ, ಅದನ್ನು ತಿನ್ನುವ ಶತ್ರುವೂ ಅಲ್ಲೇ ಇರಬೇಕು ಅಂತ ಹುಡುಕಿದರು. ಆ ಖಂಡದ ಉತ್ತರದಲ್ಲಿ ಮರಗೆಣಸಿನ ಮೇಲೆ ಅದೇ ಥರದ ತಿಗಣೆ ಸಿಕ್ತು, ಅದರೊಳಗೆ ಬೆಳೆಯುವ ಕಣಜಗಳೂ ಸಿಕ್ಕವು. ಆದರೆ ಆ ಕಣಜಗಳು ಆಫ್ರಿಕಾದ ತಿಗಣೆಯ ಮೇಲೆ ಕೆಲಸವೇ ಮಾಡಲಿಲ್ಲ. ಯಾಕಂದ್ರೆ ಅದು ಅದೇ ಥರ ಕಾಣುವ ಬೇರೆ ಪ್ರಭೇದ. ನೋಡೋಕೆ ಒಂದೇ, ಕಣಜಕ್ಕೆ ಒಂದೇ ಅಲ್ಲ. ವರ್ಗೀಕರಣ ಮಾಡುವವರು ಕೂತು ಎರಡನ್ನೂ ಬೇರ್ಪಡಿಸಿದ ಮೇಲೆ ಗೊತ್ತಾಯ್ತು, ಹುಡುಕ್ತಾ ಇರೋ ಜಾಗವೇ ಬೇರೆ ಅಂತ. ಕೊನೆಗೆ 1981ರಲ್ಲಿ ಪರಾಗ್ವೆಯಲ್ಲಿ ಟೋನಿ ಬೆಲೊಟಿ ಅವರಿಗೆ ನಿಜವಾದ ಮನಿಹೋಟಿ ಸಿಕ್ತು. ಅದನ್ನು ತಿನ್ನುವ ಕಣಜವೂ ಸಿಕ್ತು. ಆ ಕಣಜ ಯಾವುದು ಗೊತ್ತಾ? 17 ವರ್ಷದ ಹಿಂದೆ ಹೆಸರು ಪಡೆದು ಸುಮ್ಮನೆ ಕೂತಿದ್ದ ಲೋಪೆಜಿ.

ಅದೇ ವರ್ಷ ಅದನ್ನು ನೈಜೀರಿಯಾದಲ್ಲಿ ಬಿಟ್ಟರು. ಆಮೇಲೆ ಸಾಕಿ, ವಿಮಾನದಿಂದಲೂ ಉದುರಿಸಿ, ದೇಶದಿಂದ ದೇಶಕ್ಕೆ ಹರಡಿಸಿದರು. ತಿಗಣೆ ಹತೋಟಿಗೆ ಬಂತು. ಈ ಕೆಲಸ ಮುನ್ನಡೆಸಿದ ಸ್ವಿಟ್ಜರ್ಲೆಂಡ್‌ನ ಹಾನ್ಸ್ ಹೆರೆನ್‌ಗೆ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಡಿ ಸಾಂಟಿಸ್ ಹೆಸರು ಕೇಳಿದವರು ಎಷ್ಟು ಜನ ಇದ್ದಾರೋ.

2020ರಲ್ಲಿ ಅದೇ ತಿಗಣೆ ಕೇರಳದ ತ್ರಿಶೂರ್‌ನಲ್ಲಿ ಕಾಣಿಸಿಕೊಳ್ತು, ಪಕ್ಕದ ತಮಿಳುನಾಡಿನ ಮರಗೆಣಸಿನ ಹೊಲಗಳಿಗೂ ಹರಡಿತು. ಈ ಸಲ ಹುಡುಕೋಕೆ ಹತ್ತು ವರ್ಷ ಬೇಕಾಗಲಿಲ್ಲ. ತಿಗಣೆಗೆ ಹೆಸರಿತ್ತು, ಕಣಜಕ್ಕೆ ಹೆಸರಿತ್ತು, ಎಲ್ಲಿ ಸಿಗುತ್ತೆ ಅಂತ ಗೊತ್ತಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಎನ್‌ಬಿಎಐಆರ್, 2021ರಲ್ಲಿ ಪಶ್ಚಿಮ ಆಫ್ರಿಕಾದ ಬೆನಿನ್‌ನಿಂದ ಲೋಪೆಜಿಯನ್ನು ತರಿಸಿತು. ಪ್ರತ್ಯೇಕವಾಗಿ ಇಟ್ಟು ಪರೀಕ್ಷೆ ಮಾಡಿ 2022ರಲ್ಲಿ ಹೊಲಕ್ಕೆ ಬಿಟ್ಟರು.

ಇದೇ ಸಂಸ್ಥೆ 2010ರಲ್ಲಿ, ಆಗ ಅದಕ್ಕೆ ಬೇರೆ ಹೆಸರಿತ್ತು, ಪಪ್ಪಾಯಿ ಹಿಟ್ಟು ತಿಗಣೆಗೆ ಪೋರ್ಟೊ ರಿಕೊದಿಂದ ಅಸೆರೊಫೇಗಸ್ ಪಪಾಯೆ ಅನ್ನೋ ಕಣಜ ತರಿಸಿತ್ತು. ಅದಕ್ಕೆ ಹೆಸರು ಸಿಕ್ಕಿದ್ದೇ 2003ರಲ್ಲಿ, ಏಳು ವರ್ಷ ಹಿಂದಷ್ಟೇ. ಆ ತಿಗಣೆ ಪಪ್ಪಾಯಿ ಜೊತೆಗೆ ಹಿಪ್ಪುನೇರಳೆಗೂ ಹತ್ತಿತ್ತು. ಹಿಪ್ಪುನೇರಳೆಗೆ ವಿಷ ಹೊಡೆದರೆ ಆ ಸೊಪ್ಪು ತಿಂದು ರೇಷ್ಮೆಹುಳವೇ ಸಾಯುತ್ತೆ, ಹಾಗಾಗಿ ರೈತನ ಕೈ ಕಟ್ಟಿಹಾಕಿದ ಹಾಗೆ ಆಗಿತ್ತು. ಒಂದು ಮಿಲಿಮೀಟರ್‌ಗಿಂತ ಚಿಕ್ಕ ಕಣಜ ಆ ಗಂಟು ಬಿಡಿಸಿತು.

ಸಿಂಟ್ರೀಟಸ್ ಪರ್ಲ್‌ಮನಿ ಯಾವುದೋ ಬೆಳೆ ಕಾಪಾಡುತ್ತೆ ಅಂತ ನಾನು ಹೇಳ್ತಾ ಇಲ್ಲ. 1964ರಲ್ಲಿ ಲೋಪೆಜಿ ಬಗ್ಗೆಯೂ ಹಾಗೆ ಹೇಳೋಕೆ ಆಗ್ತಿರಲಿಲ್ಲ. ಬೇಕಾದ ದಿನ ಹೆಸರು ತಯಾರಿತ್ತು, ಅಷ್ಟೇ. ಮತ್ತೆ ಈ ಹೆಸರಿಡೋ ಕೆಲಸದಲ್ಲಿ ಬಾಕಿ ಇರೋದು ಸ್ವಲ್ಪ ಅಲ್ಲ. ಭೂಮಿ ಮೇಲೆ ಅತಿ ಹೆಚ್ಚು ಪ್ರಭೇದ ಇರೋದು ಜೀರುಂಡೆಗಳಲ್ಲಿ ಅಂತ ನಾವೆಲ್ಲಾ ಓದಿದ್ದೇವೆ. 2018ರಲ್ಲಿ ಆಂಡ್ರ್ಯೂ ಫೋರ್ಬ್ಸ್ ಮತ್ತು ಜೊತೆಗಾರರು ಲೆಕ್ಕ ಹಾಕಿ ವಾದಿಸಿದರು: ಇಲ್ಲ, ಪ್ಯಾರಾಸಿಟಾಯ್ಡ್‌ಗಳನ್ನು ಸರಿಯಾಗಿ ಎಣಿಸಿದರೆ ಕಣಜ-ಜೇನು-ಇರುವೆಗಳ ಗುಂಪೇ ಮುಂದೆ ಇರುತ್ತೆ. ಬಹುತೇಕ ಪ್ರತಿ ಕೀಟಕ್ಕೂ ಅದರದ್ದೇ ಕಣಜ ಇರುತ್ತೆ ಅನ್ನೋದು ಅವರ ತರ್ಕ. ನನಗೆ ಅದು ಒಪ್ಪಿಗೆ.

ಕೊನೆಗೆ, ಕೈ ಕೆರೀತಾ ಇರೋರಿಗೆ ಒಂದು ಕೆಲಸ. ಚೆನ್ನಾಗಿ ಕಳಿತ ಬಾಳೆಹಣ್ಣು, ಮೇಲೆ ಚಿಟಿಕೆ ಈಸ್ಟ್, ಒಂದು ಬಾಟಲಿ. ಹಿತ್ತಿಲಲ್ಲಿ ಇಡಿ, ಹಿತ್ತಿಲು ಇಲ್ಲದವರು ಬಾಲ್ಕನಿಯಲ್ಲಿ. ನೊಣ ಸೇರಿದ ಮೇಲೆ ತೆಳು ಬಟ್ಟೆ ಕಟ್ಟಿ, ಒಂದೆರಡು ದಿನಕ್ಕೊಮ್ಮೆ ಬೆಳಕಿಗೆ ಹಿಡಿದು ಹೊಟ್ಟೆ ನೋಡಿ. ಡ್ರಾಸೊಫಿಲಾ ಹೊಟ್ಟೆ ತೆಳು, ಸ್ವಲ್ಪ ಒಳಗಿನದು ಕಾಣುತ್ತೆ. ಹೊಟ್ಟೆ ಉಬ್ಬಿ, ಒಳಗೆ ಬಿಳಿಯದೇನೋ ಹೊರಳಾಡಿದರೆ ಆ ನೊಣವನ್ನು ಬೇರೆ ಬಾಟಲಿಗೆ ಹಾಕಿ, ತಳಕ್ಕೆ ಒದ್ದೆ ಟಿಶ್ಯೂ ಇಡಿ, ತಾರೀಖು ಮತ್ತು ಜಾಗ ಬರೆದು ಅಂಟಿಸಿ. ತಾರೀಖು, ಜಾಗ ಇಲ್ಲದ ಮಾದರಿ ಯಾವ ಸಂಗ್ರಹಾಲಯಕ್ಕೂ ಬೇಡ. ಫೋನ್ ಕ್ಯಾಮೆರಾಗೆ ಸಣ್ಣ ಮ್ಯಾಕ್ರೋ ಲೆನ್ಸ್ ಇದ್ದರೆ ಫೋಟೋ ತೆಗೆದು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ. ಕಣಜ ಗುರುತಿಸೋ ಜನ ಅಲ್ಲಿ ಇರ್ತಾರೆ. ಮನೆಯಲ್ಲಿ ‘ಏನೋ ಇದು, ಕೊಳೆತ ಹಣ್ಣು ಸಾಕ್ತಾ ಇದ್ದೀಯಾ’ ಅಂತ ಕೇಳಿದರೆ ಈ ಸಂಚಿಕೆಯ ಲಿಂಕ್ ಕಳಿಸಿ.

ಮುಂದಿನ ವಾರ ಸಿಗೋಣ.